ಹೊಳ್ಳರ ಮನೆಯ ಕಬ್ಬಿಣದ ಎಮ್ಮೆಗಳು

ನಮ್ಮ ಕೇರಿಯಲ್ಲಿ ಈಗ ಗೀಸರು ಕೂರಿಸುವ, ಪೈಪು ಜೋಡಿಸುವ ತರುಣರು ನಾಲ್ಕೈದು ಮಂದಿಯಾದರೂ ಇದ್ದಾರೆ. ಕೆಲಸ ಮುಗಿಸಿ ಹೋಗುವಾಗ ನನ್ನ ಜಗಲಿಯಲ್ಲಿ ಕುಳಿತು ಒಂದು ಲೋಟ ನೀರು ಕುಡಿದು, "ಅಜ್ಜ, ನಿಮ್ ಕಾಲಕ್ಕೆ ಎಂತ ಪೈಪ್ ಇದ್ದಿತ್? ಹಂಡಿ, ಒಲಿ ಅಷ್ಟೇ ಅಲ್ದಾ?" ಎಂದು ಕೇಳುತ್ತಾರೆ. ಅಲ್ಲ ಎಂದರೆ ನಂಬುವುದಿಲ್ಲ. ನಾವುಂದದಲ್ಲಿ, ಕಡಲಿನ ಮೊರೆತ ಕೇಳುವಷ್ಟು ದೂರದಲ್ಲಿ, ಕೋಣೆಯಿಂದ ಕೋಣೆಗೆ ಬಿಸಿನೀರು ಹರಿದು ಬೆಚ್ಚಗಿರುವ ಮನೆಯೊಂದಿತ್ತು, ಅದನ್ನು ಏಳು ಮಳೆಗಾಲ ನಾನೇ ತೊಳೆದು ಬಿಗಿದು ನೋಡಿಕೊಂಡಿದ್ದೆ ಎಂದರಂತೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಬೆವರೊರೆಸುವ ಬೈರಾಸು ಹೆಗಲಿನಿಂದ ಇಳಿಯದ ಊರಿನಲ್ಲಿ ಮನೆಯನ್ನು ಬಿಸಿ ಮಾಡುವುದೇ? ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಅದಕ್ಕಾಗಿ ಬರೆದಿಡುತ್ತಿದ್ದೇನೆ. ಆಮೇಲೆ ಯಾವ ಕಾರ್ಖಾನೆಯಲ್ಲಿ ನಾನು ಏನೇನಾದೆ ಎಂಬುದೆಲ್ಲ ಇಲ್ಲಿ ಬೇಡ. ಕೆಲಸ ಕಲಿತದ್ದು ಆ ಮನೆಯಲ್ಲಿ.

ಅವು ಎರಡನೇ ಮಹಾಯುದ್ಧದ ವರ್ಷಗಳು. ನನಗೆ ಇಪ್ಪತ್ತನಾಲ್ಕು ತುಂಬಿತ್ತು. ಕುಂದಾಪುರದಲ್ಲಿ ಸುಬ್ರಾಯ ಮೇಸ್ತ್ರಿಗಳ ವರ್ಕ್‌ಶಾಪಿಗೆ ಸೇರಿದ್ದೆ. ಬ್ರಹ್ಮಾವರದ ಕಡೆಯ ಅಕ್ಕಿ ಗಿರಣಿಗಳ ಬಾಯ್ಲರು ತೊಳೆಯುವುದು, ತಾಮ್ರದ ಹಂಡೆಗೆ ತೇಪೆ ಹಾಕುವುದು ನಮ್ಮ ಕೆಲಸ. ಮೇಸ್ತ್ರಿಗಳು ಬೊಂಬಾಯಿಯಿಂದ ಹೊರಡುವ ಹಡಗುಗಳ ಎಂಜಿನ್ ಕೋಣೆಯಲ್ಲಿ ಹದಿನೈದು ವರ್ಷ ದುಡಿದು ಬಂದವರು. ಉದ್ದನೆಯ ಬಡಕಲು ದೇಹ. ದಿನಾ ತಪ್ಪದೆ ಗಡ್ಡ ಬೋಳಿಸುತ್ತಿದ್ದರು. ಕೋಪ ಬಂದರೆ ಹಿಂದಿ, ಖುಷಿಯಾದರೆ ಕುಂದಾಪ್ರ ಕನ್ನಡ. ಯಾವ ಪೈಪನ್ನೂ ಅವರು ಅಂಗೈಯಿಂದ ಮುಟ್ಟಿದ್ದನ್ನು ನಾನು ನೋಡಿಲ್ಲ. ಕೈಯ ಹಿಂಬದಿಯಿಂದ ಮೆಲ್ಲನೆ ತಾಗಿಸಿ ನೋಡುತ್ತಿದ್ದರು. ಅಂಗೈ ಸುಟ್ಟರೆ ಒಂದು ವಾರ ಸ್ಪ್ಯಾನರ್ ಹಿಡಿಯಲಾಗುವುದಿಲ್ಲ, ಹಿಂಬದಿ ಸುಟ್ಟರೆ ಕೆಲಸ ನಿಲ್ಲುವುದಿಲ್ಲ. ತರುಣರೇ, ನೀವು ಇದೊಂದನ್ನು ಇವತ್ತೇ ಅಭ್ಯಾಸ ಮಾಡಿಕೊಳ್ಳಿ.

ಮನೆ ಅನಂತ ಹೊಳ್ಳರದು. ಊಟಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವರು. ಅಲ್ಲಿ ಒಬ್ಬ ಬಿಳಿಯ ದೊರೆಯ ಬಂಗಲೆ ಕೆಡವುವಾಗ ಅದರ ಬಾಯ್ಲರು, ಪೈಪುಗಳು, ಕೋಣೆ ಬಿಸಿ ಮಾಡುವ ಆರು ರೇಡಿಯೇಟರುಗಳನ್ನು ಕೊಂಡು, ಮಂಗಳೂರಿನವರೆಗೆ ರೈಲಿನಲ್ಲೂ ಅಲ್ಲಿಂದ ಸರಕಿನ ಮಂಜಿ ಹಡಗಿನಲ್ಲೂ ತಂದಿದ್ದರು. ಊರೇ ನಗುತ್ತಿದ್ದರೂ ಅವರ ಹೆಂಡತಿ ಪದ್ದಮ್ಮನವರಿಗೆ ತಾವು ಮಾಡಿಸುತ್ತಿರುವುದೇನು ಎಂಬುದು ಚೆನ್ನಾಗಿ ತಿಳಿದಿತ್ತು.

"ನಾಕ್ ತಿಂಗ್ಳ್ ಮಳಿ. ಒಂದ್ ವಸ್ತ್ರ ಒಣಗ್ತಿಲ್ಲೆ. ಉಡು ಬಟ್ಟಿ ಹೊಗಿ ವಾಸನಿ, ಹಾಸಿಗಿ ಬೂಷ್ಟ್ ವಾಸನಿ. ಊಟಿಯಲ್ ದೊರೆಸಾನಿ ಆ ಕಬ್ಬಿಣದ್ ಮೇಲ್ ಬಟ್ಟಿ ಒಣಗ್ಸುದ್ ನಾ ಕಂಡಿದ್ದೆ. ಅವ್ಳಿಗ್ ಚಳಿ, ನಂಗ್ ಮಳಿ. ಕಬ್ಬಿಣಕ್ಕೆ ಎಂತ ಗೊತ್ತಾತ್?" ಎಂದು ಅವರು ನಮಗೆ ಮೊದಲ ದಿನವೇ ಹೇಳಿದರು.

ಮೇಸ್ತ್ರಿಗಳು ಅಡುಗೆಮನೆಯ ಹಿಂದೆ ಮುರಕಲ್ಲಿನ ನೆಲ ಕಡಿಸಿ, ಎದೆಯಾಳದ ಗುಂಡಿಯಲ್ಲಿ ಬಾಯ್ಲರು ಕೂರಿಸಿದರು. ಒಲೆಗೆ ಸೌದೆ, ತೆಂಗಿನ ಚಿಪ್ಪು. ಬಿಸಿಯಾದ ನೀರು ತಾನಾಗಿ ದಪ್ಪ ಪೈಪಿನಲ್ಲಿ ಮೇಲೇರಿ, ರೇಡಿಯೇಟರುಗಳನ್ನು ಹಾದು, ತಣಿದು ಕೆಳಗಿಳಿದು ಬಾಯ್ಲರಿಗೇ ಮರಳುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ. ಬಿಸಿನೀರು ಹಿಗ್ಗುವುದರಿಂದ ಅದಕ್ಕೊಂದು ತೆರೆದ ತೊಟ್ಟಿ ಅಟ್ಟದ ಮೇಲೆ. ಒಂದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಸಾಲು ಪಕ್ಕೆಲುಬುಗಳ, ಗಿಡ್ಡ ಕಾಲುಗಳ, ಮುಟ್ಟಿದರೆ ಬೆಚ್ಚಗಿನ ಆ ಕಪ್ಪು ರೇಡಿಯೇಟರುಗಳನ್ನು ಪದ್ದಮ್ಮ ಎಮ್ಮೆಗಳು ಎಂದು ಕರೆದರು. ಒಳಗೆ ಐದು ಎಮ್ಮೆಗಳು. ಆರನೆಯದನ್ನು ಹಿಂದಿನ ಜಗಲಿಗೆ ಹಾಕಿಸಿದರು. ಮಡಿ ಮೈಲಿಗೆ ಗಟ್ಟಿಯಾಗಿದ್ದ ಕಾಲ ಅದು. ಮೀನುಗಾರರ ಖಾರ್ವಿಕೇರಿಯ ಹೆಂಗಸರು ಒಳಗೆ ಬರುವಂತಿರಲಿಲ್ಲ. ಹಾಗೆಂದು ಅವರ ಮಕ್ಕಳ ಬಟ್ಟೆ ಒಣಗದೆ ಇರಬೇಕೇ ಎಂದು ಪದ್ದಮ್ಮ ಹಿಂದಿನ ಜಗಲಿಯಲ್ಲಿ ಉದ್ದಕ್ಕೂ ಹಗ್ಗ ಕಟ್ಟಿಸಿದರು. ಮೊದಲ ಮಳೆಗಾಲದಲ್ಲೇ ಆ ಜಗಲಿ ಸಂತೆಯಂತಾಯಿತು. ನಗುತ್ತಿದ್ದವರ ಪಂಚೆಗಳೂ ಹಗ್ಗದ ಮೇಲೆ ಬಂದವು.

ಆ ವ್ಯವಸ್ಥೆಯ ರೋಗ ಹಿಡಿಯುವುದನ್ನು ಮೇಸ್ತ್ರಿಗಳು ಒಂದೇ ಮಾತಿನಲ್ಲಿ ಕಲಿಸಿದರು. "ತಲಿ ತಣ್ಣಗಿದ್ರೆ ಗಾಳಿ. ಕಾಲ್ ತಣ್ಣಗಿದ್ರೆ ಕೆಸರ್. ಎರಡೂ ತಣ್ಣಗಿದ್ರೆ ನೀನ್ ಬೆಂಕಿಯೇ ಹಾಕ್ಲಿಲ್ಲೆ."

ಗಾಳಿ ಹಗುರ, ರೇಡಿಯೇಟರಿನ ತಲೆಯಲ್ಲಿ ಸೇರಿಕೊಂಡು ನೀರನ್ನು ಬರಗೊಡುವುದಿಲ್ಲ. ಮೇಲಿನ ಹಿತ್ತಾಳೆಯ ಕೀಲಿಯನ್ನು ಅರ್ಧ ಸುತ್ತು ತಿರುಗಿಸಿದರೆ ಸುಸ್ಸೆಂದು ಹೊರಟುಹೋಗುತ್ತದೆ. ತುಕ್ಕಿನ ಕೆಸರು ಭಾರ, ಅಡಿಯಲ್ಲಿ ಕೂರುತ್ತದೆ. ಅದಕ್ಕೆ ಬಿಚ್ಚಿ ತೊಳೆಯುವುದೇ ದಾರಿ.

ಈ ಗಾಳಿಯಿಂದಾಗಿ ಒಂದು ತಮಾಷೆ ನಡೆಯಿತು. ಒಂದು ಬೆಳಿಗ್ಗೆ ಕುಂದಾಪುರದ ಕಡವಿನಲ್ಲಿ ನಿಂತಿದ್ದೆ. ಆಗ ಸೇತುವೆ ಇಲ್ಲ, ದೋಣಿಯಲ್ಲಿ ದಾಟಿ ಆಚೆ ದಡದ ಬಸ್ಸು ಹಿಡಿಯಬೇಕು. ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸು. ಅದರ ಕಂಡಕ್ಟರು ಆಚೆಯಿಂದ ಬಂದ ದೋಣಿಯಲ್ಲಿ ನಿಂತೇ ಕೂಗಿದ: "ಹ್ವಾಯ್ ವೆಂಕ್ಟ! ಹೊಳ್ಳರ್ ಮನಿ ಮೂರ್ನೇ ಎಮ್ಮಿ ತಲಿ ತಣ್ಣಗಾಯ್ತಂಬ್ರ್! ಕೂಡ್ಲೆ ಬರ್ಕಂಬ್ರ್!"

ದೋಣಿ ಹತ್ತಿದಾಗ ನನ್ನ ಪಕ್ಕ ತಲ್ಲೂರಿನ ಪುಟ್ಟಯ್ಯ ಎಂಬ ಮುದುಕರು ಕುಳಿತಿದ್ದರು. ದನಕರುಗಳಿಗೆ ಮದ್ದು ಕೊಡುವವರು. ಕಳವಳದಿಂದ ಕೇಳಿದರು: "ಮೇವ್ ಮುಟ್ಟತ್ತಾ?"

"ಇಲ್ಲೆ. ಇಷ್ಟರವರಿಗೆ ಮುಟ್ಟದ್ದೇ ಇಲ್ಲೆ" ಎಂದೆ. ನನಗೂ ಸ್ವಲ್ಪ ತುಂಟತನ.

"ದೇವರೇ! ನೀರ್?"

"ಬರೀ ನೀರೇ."

"ಹೊಟ್ಟಿ ಉಬ್ಬರ್ಸಿತ್ತಾ?"

"ಒಳಗ್ ಗಾಳಿ ಸೇರಿತ್ತ್, ಅಷ್ಟೇ."

"ಅಷ್ಟೇ ಅಂತ್ಯಲೆ ಮಾರಾಯ! ಗಾಳಿ ಸೇರಿದ್ರೆ ಉಳಿತ್ತಾ? ತಡಿ, ನಾನೂ ಬತ್ತೆ."

ನಿಜ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಓಮ, ಬೆಳ್ಳುಳ್ಳಿಯ ಗಂಟು ಬಿಚ್ಚಿ ಎಣಿಸತೊಡಗಿದ್ದರು. ನಾವುಂದದವರೆಗೂ ಬಂದೇಬಿಟ್ಟರು. ಹೊಳ್ಳರ ನಡುಮನೆಯ ಬಾಗಿಲಲ್ಲಿ ನಿಂತು, ನಾನು ಕಬ್ಬಿಣದ ಎಮ್ಮೆಯ ತಲೆಯ ಕೀಲಿ ತಿರುಗಿಸಿ ಗಾಳಿ ಬಿಡಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದ್ದೆ. ಅವರು ನಗಲು ಶುರುಮಾಡಿ, ನಗು ತಡೆಯಲಾಗದೆ ಹೊಸ್ತಿಲ ಮೇಲೇ ಕುಳಿತುಬಿಟ್ಟರು. "ಮದ್ದ್ ಸರಿ ಇತ್ತ್ ಮಾರಾಯ. ಗಾಳಿ ಹೋಯ್ತಲೆ, ಇನ್ ಬದ್ಕ್ತ್" ಎಂದರು. ಪದ್ದಮ್ಮ ಅವರಿಗೆ ಊಟ ಹಾಕಿಸಿಯೇ ಕಳಿಸಿದರು.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು. ಎರಡನೇ ವರ್ಷ ಮೇಸ್ತ್ರಿಗಳು ಆ ಮನೆಯನ್ನು ನನ್ನೊಬ್ಬನಿಗೇ ಬಿಟ್ಟರು. ಪೈಪಿನಿಂದ ಒಂದು ಚೊಂಬು ನೀರು ತೆಗೆದು ನೋಡಿದೆ, ಕಾಡಿಗೆಯಂತೆ ಕಪ್ಪು. ಇಷ್ಟು ಕೊಳಕು ನೀರನ್ನು ಇಟ್ಟುಕೊಳ್ಳುವುದೇ ಎಂದು ಎಲ್ಲವನ್ನೂ ಹರಿಯಬಿಟ್ಟು, ಬಾವಿಯ ತಿಳಿನೀರು ತುಂಬಿದೆ. ಮುಂದಿನ ತಿಂಗಳು ಮತ್ತೆ ಹಾಗೇ ಮಾಡಿದೆ. ಆ ಇಡೀ ಮಳೆಗಾಲ ತಿಂಗಳಿಗೊಮ್ಮೆ ನೀರು ಬದಲಿಸಿ, ನನ್ನಷ್ಟು ಶುಚಿಯಾಗಿ ಕೆಲಸ ಮಾಡುವವನಿಲ್ಲ ಎಂದು ಬೀಗಿದೆ. ವರ್ಷ ಮುಗಿಯುವಾಗ ನಾಲ್ಕು ಎಮ್ಮೆಗಳ ಕಾಲು ತಣ್ಣಗಾಗಿತ್ತು. ಐದನೆಯದರ ಹೊಟ್ಟೆಯಲ್ಲಿ ಸೂಜಿತೂತು ಬಿದ್ದು ನೀರು ಜಿನುಗುತ್ತಿತ್ತು.

ಮೇಸ್ತ್ರಿಗಳು ಬಂದು ನೋಡಿ, ಮೊದಲು ಹಿಂದಿಯಲ್ಲಿ ಬೈದರು. ಆಮೇಲೆ ಕುಳಿತು ಬೀಡಿ ಹಚ್ಚಿದರು. "ಕರಿ ನೀರ್ ಅಂದ್ರೆ ಕೊಳಕ್ ಅಂದ್ಕಂಡ್ಯಾ? ಅದ್ ಪಳಗಿದ್ ನೀರ್. ಹೊಸ ನೀರೊಳ್ಗೆ ಉಸಿರ್ ಇರತ್ತ್. ಆ ಉಸಿರ್ ಕಬ್ಬಿಣ ತಿಂತ್. ಹಳಿ ನೀರೊಳ್ಗೆ ತಿಂಬುಕ್ ಎಂತದೂ ಉಳ್ದಿರುದಿಲ್ಲೆ. ನೀ ತಿಂಗ್ಳ್ ತಿಂಗ್ಳ್ ಅದ್ಕೆ ಊಟ ಬಡ್ಸಿದ್ದಿ."

ಆರೂ ರೇಡಿಯೇಟರುಗಳನ್ನು ಬಿಚ್ಚಿ, ನಾಲ್ಕು ಜನ ಹೊತ್ತು ಅಂಗಳಕ್ಕೆ ತಂದು, ಮರದ ಕೊಡತಿಯಿಂದ ತಟ್ಟುತ್ತ, ನೀರು ತಿಳಿಯಾಗುವವರೆಗೆ ತೊಳೆದೆವು. ಮೂರು ದಿನ ಹಿಡಿಯಿತು. ಬುಟ್ಟಿಗಟ್ಟಲೆ ಕೆಂಪು ಕೆಸರು. ತೂತಿಗೆ ಹಿತ್ತಾಳೆಯ ತಿರುಪು ಬಿಗಿದೆವು. ನಾನು ಹೊಳ್ಳರ ಮುಂದೆ ಹೋಗಿ ತಪ್ಪು ನನ್ನದು ಎಂದೆ. ಅವರು, "ಊಟಿಯಲ್ ನಾನ್ ಮೊದ್ಲ್ ಮಾಡಿದ್ ಸಾಂಬಾರ್ ನಾಯಿಯೂ ಮೂಸ್ಲಿಲ್ಲೆ. ಕೂಕೊ, ಕಾಫಿ ಕುಡಿ" ಎಂದರು. ಆಗಿನಿಂದ ನೀರು ಕಡಿಮೆಯಾದರೆ ಮಾತ್ರ ತುಂಬಿದೆ. ಈಗಿನ ಕೆಲಸ ಬೇರೆ, ಪೈಪು ಬೇರೆ. ಆದರೆ ಕಣ್ಣಿಗೆ ಕೊಳಕು ಕಂಡ ಕೂಡಲೇ ಕೈ ಹಾಕಬೇಡಿ. ಅದು ಅಲ್ಲಿ ಯಾಕಿದೆ ಎಂದು ಒಂದು ಸಲ ಯಾರನ್ನಾದರೂ ಕೇಳಿ.

ಮೇಸ್ತ್ರಿಗಳು ತಪ್ಪೇ ಮಾಡುತ್ತಿರಲಿಲ್ಲ ಎಂದುಕೊಳ್ಳಬೇಡಿ. ಮಳೆಗಾಲದ ಹಸಿ ಸೌದೆಯಿಂದ ಚಿಮಣಿಯಲ್ಲಿ ಅಂಟುಮಸಿ ಕಟ್ಟುತ್ತಿತ್ತು. ಹಗ್ಗದ ತುದಿಗೆ ಕಲ್ಲು ಕಟ್ಟಿ, ಕಲ್ಲಿನ ಸುತ್ತ ಹಿಡಿಸೂಡಿ ಪೊರಕೆಗಳನ್ನು ಬಿಗಿದು, ಚಿಮಣಿಯ ಮೇಲಿನಿಂದ ಇಳಿಸಿ ಎಳೆದು ಮಸಿ ಉದುರಿಸುವುದು ಕ್ರಮ. ಅದಕ್ಕೆ ಮೊದಲು ಒಲೆಯ ಬಾಗಿಲಿಗೆ ಒದ್ದೆ ಗೋಣಿ ತೂಗುಹಾಕಬೇಕು. ಒಂದು ದಿನ ಮೇಸ್ತ್ರಿಗಳು ಹಡಗಿನ ಕತೆ ಹೇಳುವ ಭರದಲ್ಲಿ ಗೋಣಿ ಮರೆತರು. ನಾನು ಮಾಡಿನ ಮೇಲಿಂದ ಹಗ್ಗ ಎಳೆದೆ. ಕೆಳಗೆ ಒಲೆಯ ಬಾಯಿಯಿಂದ ಕರಿಮೋಡ ಎದ್ದು, ಗಾಳಿ ಹಿಡಿದು, ನೇರ ಹಿಂದಿನ ಜಗಲಿಗೆ ನುಗ್ಗಿತು. ಅರ್ಧ ಊರಿನ ಒಣಗಿದ ಬಟ್ಟೆ ಅಲ್ಲಿತ್ತು.

ಮೇಸ್ತ್ರಿಗಳು ಮುಖ ತುಂಬ ಮಸಿ ಹೊತ್ತು ನಿಂತಿದ್ದರು. ಖಾರ್ವಿಕೇರಿಯ ದುರ್ಗಿ, ಮಾತಿಗೆ ಯಾರಿಗೂ ಸೋಲದ ಹೆಂಗಸು, ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ಬೊಂಬಾಯಿ ಮೇಸ್ತ್ರಿಗಳೇ, ಹಡಗೆಲ್ಲ ತೊಳ್ದ್ ಬಂದವ್ರ್ ನೀವ್. ಈ ನಾಕ್ ಬಟ್ಟಿ ತೊಳುಕ್ ಗೊತ್ತಿತ್ತಲ್ದಾ?"

ಅವರು ಹಗ್ಗದ ಮೇಲಿನದನ್ನೆಲ್ಲ ಬಾಚಿ ಗಂಟು ಕಟ್ಟಿ ಕೆರೆಗೆ ನಡೆದರು. ನಾನೂ ಹಿಂದೆ ಹೋದೆ. ಸುರಿವ ಮಳೆಯಲ್ಲಿ, ದಡದ ತುಂಬ ನೋಡುವವರ ನಡುವೆ, ಸಂಜೆಯವರೆಗೆ ಇಬ್ಬರೂ ಬಟ್ಟೆ ಒಗೆದೆವು. ದುರ್ಗಿ ಒಂದೊಂದನ್ನೂ ಬೆಳಕಿಗೆ ಹಿಡಿದು, "ಇದ್ ಇನ್ನೊಂದ್ ಸಲ" ಎಂದು ತಿರುಗಿ ಎಸೆಯುತ್ತಿದ್ದಳು. ಮೇಸ್ತ್ರಿಗಳು ಆಮೇಲೆ ಎಂದೂ ಗೋಣಿ ಮರೆಯಲಿಲ್ಲ. ಅವರ ಮೇಲೆ ನನಗಿದ್ದ ಗೌರವ ಅಂದೇ ಎರಡು ಪಟ್ಟಾಯಿತು.

ಇನ್ನು ಆ ಐದನೇ ಮಳೆಗಾಲ.

ಹೊಳ್ಳರ ಒಬ್ಬಳೇ ಮಗಳು ಶಾರದೆಯನ್ನು ಸಿದ್ದಾಪುರದ ಕಡೆಗೆ ಕೊಟ್ಟಿದ್ದರು. ಮೊದಲ ಬಸುರಿ, ತವರಿಗೆ ಬಂದಿದ್ದಳು. ಆಸಾಡಿ ತಿಂಗಳ ಜಡಿಮಳೆಯಲ್ಲಿ, ಏಳು ತಿಂಗಳು ತುಂಬುತ್ತಲೇ ಹೆರಿಗೆಯಾಯಿತು. ಗಂಡು ಮಗು. ಹೊಳ್ಳರ ಬೊಗಸೆ ತುಂಬುವಷ್ಟೂ ಇಲ್ಲ. ಅಳುವುದೆಂದರೆ ಬೆಕ್ಕಿನ ಮರಿ ಎಲ್ಲೋ ದೂರದಲ್ಲಿ ಕೂಗಿದಂತೆ. ಕುಂದಾಪುರದಿಂದ ಡಾಕ್ಟರರು ಉಕ್ಕುವ ಹೊಳೆ ದಾಟಿ ಬಂದರು. ಕೋಣೆಯ ಎಮ್ಮೆಯ ಮೇಲೆ ಕೈಯಿಟ್ಟು ನೋಡಿ, "ಈ ಕೋಣೆ ಹಗಲೂ ರಾತ್ರಿ ಒಂದೇ ಸಮ ಬೆಚ್ಚಗಿರಬೇಕು. ಕೆಂಡದ ಹೊಗೆ ಈ ಪುಪ್ಪುಸಕ್ಕೆ ಆಗದು. ನಲವತ್ತು ದಿನ ಹೀಗೆ ದಾಟಿದರೆ ಮಗು ನಮ್ಮದು. ಇದನ್ನು ನೋಡಿಕೊಳ್ಳುವುದು ಯಾರು?" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಬಾಯ್ಲರಿನ ಗುಂಡಿಯ ಪಕ್ಕದ ಮಾಡಿನಡಿಯೇ ಬಿಡಾರ ಹೂಡಿದೆ. ಮನೆಯಲ್ಲಿ ಎಲ್ಲರೂ ಪಿಸುಮಾತಿಗಿಳಿದರು. ಹೋಟೆಲಿನಲ್ಲಿ ಕೂಗಿ ಕೂಗಿ ದೊಡ್ಡ ಗಂಟಲು ಮಾಡಿಕೊಂಡಿದ್ದ ಹೊಳ್ಳರಂತೂ ಕಾಫಿ ಬೇಕಾದರೆ ಕೈಸನ್ನೆ ಮಾಡುತ್ತಿದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ ಪದ್ದಮ್ಮ ಅಟ್ಟದಿಂದ ಇಳಿದು ಬಂದು, "ವೆಂಕ್ಟ, ತೊಟ್ಟಿ ನೀರ್ ನಿನ್ನಿಯಿಂದ ನಾಕ್ ಬೆರಳ್ ಇಳ್ದಿತ್ತ್" ಎಂದರು. ಗುಂಡಿಗೆ ಇಳಿದು ನೋಡಿದೆ. ಬಾಯ್ಲರಿನಿಂದ ಮೇಲೇರುವ ದಪ್ಪ ಪೈಪಿನ ಜೋಡಣೆಯಲ್ಲಿ, ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಸೋರದಂತೆ ಇಟ್ಟ ಗ್ಯಾಸ್ಕೆಟ್ಟು ಸುಟ್ಟು ಹರಿದು ಬಿಸಿನೀರು ಚಿಮ್ಮುತ್ತಿತ್ತು. ಬಿಗಿದಷ್ಟೂ ಹರಿಯಿತು. ಹೀಗೇ ಬಿಟ್ಟರೆ ಸಂಜೆಯೊಳಗೆ ಬಾಯ್ಲರು ಬರಿದಾಗಿ ಸೀಳುತ್ತದೆ. ರಿಪೇರಿ ಮಾಡಬೇಕಾದರೆ ಬೆಂಕಿ ತೆಗೆಯಬೇಕು. ಮೇಸ್ತ್ರಿಗಳು ಬ್ರಹ್ಮಾವರದ ಗಿರಣಿಯಲ್ಲಿದ್ದರು. ಹೊಳೆಗಳೆಲ್ಲ ತುಂಬಿ ಎರಡು ದಿನದಿಂದ ಕಡವುಗಳೇ ಬಂದ್.

"ಎಷ್ಟ್ ಹೊತ್ತ್ ಬೇಕ್?" ಎಂದು ಹೊಳ್ಳರು ಪಿಸುಗುಟ್ಟಿದರು.

"ಮೂರ್ ಗಂಟಿಯೊಳಗೆ ಮುಗಿಸ್ಕ್. ಆಮೇಲೆ ಕೋಣಿ ತಣೀತ್."

"ಆತ್ತಾ ನಿನ್ನತ್ರ?"

ಆಗುತ್ತದೆ ಎಂದೆ.

ನೀರನ್ನೆಲ್ಲ ಹೊರಬಿಟ್ಟರೆ ಕೋಣೆಯ ಬಿಸಿಯೂ ಹೋದಂತೆ. ಆದ್ದರಿಂದ ಬೆಂಕಿ ಎಳೆದು ಹಾಕಿ, ಮೊದಲು ಆರೂ ರೇಡಿಯೇಟರುಗಳ ವಾಲ್ವುಗಳನ್ನು ಮುಚ್ಚಿ, ಬಿಸಿನೀರನ್ನು ಅವುಗಳ ಹೊಟ್ಟೆಯಲ್ಲೇ ಹಿಡಿದಿಟ್ಟೆ. ಅಟ್ಟದ ಮೇಲೆ ತೊಟ್ಟಿಯಿಂದ ಇಳಿಯುವ ಪೈಪು, ಗಾಳಿ ಹೋಗುವ ಪೈಪು, ಎರಡರ ಬಾಯಿಗೂ ಬಿರಡೆ ಬಡಿದರೆ ಮೇಲಿನಿಂದ ಗಾಳಿ ಬಾರದೆ, ಕೆಳಗೆ ಜೋಡಣೆ ಬಿಚ್ಚಿದರೂ ನೀರು ಬಹುಮಟ್ಟಿಗೆ ಪೈಪಿನಲ್ಲೇ ನಿಲ್ಲುತ್ತದೆ. ಮೇಸ್ತ್ರಿಗಳು ಒಮ್ಮೆ ಇದನ್ನು ಬಾಯಿಮಾತಿನಲ್ಲಿ ಹೇಳಿದ್ದರು, ಮಾಡಿ ತೋರಿಸಿರಲಿಲ್ಲ. ಬಿರಡೆಗೆ ಏನು ಮಾಡಲಿ ಎನ್ನುವಾಗ ದುರ್ಗಿಯ ಗಂಡ ಮಂಜ ಬಲೆಯ ಬೆಂಡುಗಳನ್ನು ಮಡಿಲು ತುಂಬ ತಂದ. ಹಗುರ ಮರದ ಬೆಂಡು, ಕತ್ತಿಯಲ್ಲಿ ಹೆರೆದು ಬಡಿದರೆ ಬಿಗಿಯಾಗಿ ಕೂತಿತು.

ಗ್ಯಾಸ್ಕೆಟ್ಟಿಗೆ ಯುದ್ಧದಿಂದಾಗಿ ರಬ್ಬರು ಹಾಳೆ ಎಲ್ಲೂ ಸಿಗುತ್ತಿರಲಿಲ್ಲ. ದಪ್ಪ ರಟ್ಟನ್ನು ಅಗಸೆಯೆಣ್ಣೆಯಲ್ಲಿ ನೆನೆಸಿದರೆ ನಡೆಯುತ್ತದೆ. ಕಿಟಕಿಗೆ ಬಳಿದು ಉಳಿದ ಎಣ್ಣೆ ಮನೆಯಲ್ಲಿತ್ತು. ರಟ್ಟು? ಕೋಣೆಯೊಳಗಿಂದ ಶಾರದೆಯ ಸ್ವರ ಬಂತು: "ಅಮ್ಮ, ನನ್ ಶಾಲಿ ಭೂಗೋಳದ್ ಪುಸ್ತಕ ಪೆಟ್ಟಿಗಿಯೊಳ್ಗೆ ಇತ್ತ್. ಅದ್ರ್ ರಟ್ಟ್ ಗಟ್ಟಿ ಇತ್ತ್, ಹರ್ದ್ ಕೊಡಿ!"

ಮೂರು ಬೋಲ್ಟು ಬಂದವು, ನಾಲ್ಕನೆಯದು ತುಕ್ಕು ಹಿಡಿದು ಕದಲಲಿಲ್ಲ. ಉಳಿಯಿಟ್ಟು ಬಡಿಯತೊಡಗಿದೆ. ಮಂಜ ಪೈಪಿನ ಭಾರವನ್ನು ಗೋಣಿ ಹಾಸಿದ ಹೆಗಲ ಮೇಲೆ ಹೊತ್ತು ನಿಂತ. ಪದ್ದಮ್ಮ ಬಾಣಂತಿ ಕೋಣೆಯ ಕಿಟಕಿಯಿಂದ ಆಗಾಗ ವರದಿ ಕೊಡುತ್ತಿದ್ದರು.

"ಎಮ್ಮಿ ಇನ್ನೂ ಬಿಸಿ ಇತ್ತ್."

ಉಳಿ ಜಾರಿ ಗೆಣ್ಣಿನ ಚರ್ಮ ಕಿತ್ತುಬಂತು. ಬಿಡಲಿಲ್ಲ.

"ಈಗ ಕರ್ದ್ ಹಾಲಿನಷ್ಟ್ ಬಿಸಿ."

ಬೋಲ್ಟು ತುಂಡಾಯಿತು. ಬಿಲ್ಲೆಗಳು ಬೇರೆಯಾದವು. ಅಷ್ಟರಲ್ಲಿ ತಣಿದಿದ್ದ ಮೂರು ಕೊಡದಷ್ಟು ನೀರು ನನ್ನ ಎದೆಯ ಮೇಲೇ ಸುರಿದು, ಆಮೇಲೆ ನಿಂತಿತು. ಬೆಂಡು ಹಿಡಿದಿತ್ತು! ಹಳೆಯ ಗ್ಯಾಸ್ಕೆಟ್ಟು ಕೆರೆದು, ರಟ್ಟಿನ ಬಿಲ್ಲೆ ಕೂರಿಸಿ, ಹೊಸ ಬೋಲ್ಟು ಹಾಕಿ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ.

"ವೆಂಕ್ಟ, ಇನ್ ತಡ ಮಾಡ್ಬೇಡ" ಎಂದರು ಪದ್ದಮ್ಮ. ಈ ಸಲ ಸ್ವರ ಬೇರೆಯಾಗಿತ್ತು.

ಬಿರಡೆ ಕಿತ್ತೆ, ವಾಲ್ವು ತೆರೆದೆ, ತೊಟ್ಟಿ ತುಂಬಿಸಿದೆ, ಗಾಳಿ ಬಿಡಿಸಿದೆ, ತೆಂಗಿನ ಚಿಪ್ಪು ಒಡ್ಡಿ ಬೆಂಕಿ ಹಚ್ಚಿದೆ. ಚಿಪ್ಪಿನ ಬೆಂಕಿ ಬೇಗ ಏರುತ್ತದೆ. ಜೋಡಣೆಯ ಎದುರು ಕುಕ್ಕರಗಾಲಲ್ಲಿ ಕುಳಿತು, ಒಂದು ಹನಿ ಕಾಣುತ್ತದೆಯೇ ಎಂದು ನೋಡುತ್ತಲೇ ಇದ್ದೆ. ಕಾಣಲಿಲ್ಲ. ಅರ್ಧ ಗಂಟೆಯಲ್ಲಿ ಕೋಣೆಯಿಂದ ಶಾರದೆ, "ಅಮ್ಮ, ಬಂತ್! ಬಿಸಿ ಬಂತ್!" ಎಂದಳು. ಮಂಜ ಹೆಗಲು ಉಜ್ಜಿಕೊಳ್ಳುತ್ತ ನಕ್ಕ. ನನಗೆ ನಗುವಿನ ಜೊತೆ ಅಳುವೂ ಬಂದು, ಮಸಿಗೈಯಲ್ಲಿ ಮುಖ ಒರೆಸಿಕೊಂಡೆ.

ಮೂರನೆಯ ದಿನ ಮೇಸ್ತ್ರಿಗಳು ಬಂದರು. ಕನ್ನಡಕ ಹಾಕಿ ಜೋಡಣೆ ನೋಡಿದರು. ಬಿಲ್ಲೆಯಿಂದಾಚೆ ಚಾಚಿದ್ದ ರಟ್ಟಿನ ಅಂಚಿನಲ್ಲಿ ನಕ್ಷೆಯ ನೀಲಿ ಬಣ್ಣವಿತ್ತು. "ಇದೆಂತ, ಬಂಗಾಳ ಕೊಲ್ಲಿಯಾ?" ಎಂದರು.

"ಹೌದ್."

"ಎಷ್ಟ್ ದಿನ ಬತ್ತ್ ಇದ್?"

"ಗೊತ್ತಿಲ್ಲೆ."

"ಗೊತ್ತಿಲ್ಲೆ ಅಂದ್ಯಲೆ, ಈಗ ನಿಂಗ್ ಕೆಲ್ಸ ಗೊತ್ತಾಯ್ತ್" ಎಂದು ಬೆನ್ನು ತಟ್ಟಿದರು. ಅದು ಆ ಮಳೆಗಾಲ ಪೂರ್ತಿ ಬಂತು.

ನಲವತ್ತನೆಯ ದಿನ ದಾಟಿ, ಮಳೆ ಹಿಡಿತ ಬಿಟ್ಟು ಒಂದು ಬೆಳಿಗ್ಗೆ ಎಳೆಬಿಸಿಲು ಬಿತ್ತು. ಡಾಕ್ಟರರು ಬಂದು ನೋಡಿ, ಮಗುವನ್ನು ಹೊರಗೆ ತರಬಹುದು ಎಂದರು. ನಾನು ಒಲೆಗೆ ಹೊಸ ಸೌದೆ ಹಾಕದೆ ಅಂಗಳಕ್ಕೆ ಬಂದೆ. ಶಾರದೆ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದಳು. ಕೆನ್ನೆ ತುಂಬಿತ್ತು, ಮುಷ್ಟಿ ಬಿಗಿದಿತ್ತು. ಹುಟ್ಟಿದ ಮೇಲೆ ಮೊದಲ ಸಲ ಬಿಸಿಲು ಮುಖಕ್ಕೆ ಬಿದ್ದದ್ದೇ ತಡ, ಹುಬ್ಬು ಗಂಟಿಕ್ಕಿ, ಬಾಯಿ ಅಗಲಿಸಿ, ರಸ್ತೆಗೆ ಕೇಳುವಂತೆ ಕಿರುಚಿತು.

ಬೇಲಿಯಾಚೆ ದುರ್ಗಿ ಮೀನಬುಟ್ಟಿ ಹೊತ್ತು ಹೋಗುತ್ತಿದ್ದವಳು ಗಕ್ಕನೆ ನಿಂತಳು. "ಹ್ವಾಯ್! ಯಾರದ್ ಅದ್ ಸ್ವರ?"

ಹೊಳ್ಳರು ನಲವತ್ತು ದಿನ ಕಟ್ಟಿಟ್ಟಿದ್ದ ಗಂಟಲನ್ನು ಒಮ್ಮೆಲೇ ಬಿಟ್ಟು, ಮಗುವಿಗಿಂತ ಜೋರಾಗಿ ಕೂಗಿದರು:

"ನನ್ ಮೊಮ್ಮಗಂದ್!"